ಚಲನ್ ಎಣಿಸೋದಾ, ಜೀವ ಎಣಿಸೋದಾ? ಅಮೆರಿಕದ ಟ್ರಾಫಿಕ್ ಗ್ರಾಂಟ್ ಕಥೆ



ಅಮೆರಿಕದಲ್ಲಿರೋ ನನ್ನ ಕಸಿನ್ ಮೇ ತಿಂಗಳ ಕೊನೆಯಲ್ಲಿ ಫೋನ್ ಮಾಡಿದಾಗ, "ಈ ವಾರ ಎಲ್ಲಿ ನೋಡಿದ್ರೂ ಪೊಲೀಸ್ ಕಾರು ಕಣೇ" ಅಂದಳು. ಅದು ಅಲ್ಲಿನ ಮೆಮೋರಿಯಲ್ ಡೇ ರಜೆಯ ಹೊತ್ತು. ಪ್ರತಿ ವರ್ಷ ಆ ಸಮಯದಲ್ಲಿ ದೇಶದಾದ್ಯಂತ 'ಕ್ಲಿಕ್ ಇಟ್ ಆರ್ ಟಿಕೆಟ್' ಅನ್ನೋ ಅಭಿಯಾನ ನಡೆಯುತ್ತೆ. ಅಂದ್ರೆ, ಸೀಟ್ ಬೆಲ್ಟ್ ಹಾಕಿ, ಇಲ್ಲಾಂದ್ರೆ ದಂಡದ ಚೀಟಿ ತಗೊಳ್ಳಿ.

ನಾನು ಬಿಕಾಂ ಓದಿದವಳು. ನನಗೆ ಮೊದಲು ಹೊಳೆದ ಪ್ರಶ್ನೆ ಒಂದೇ: ಇಷ್ಟೊಂದು ಪೊಲೀಸರ ಓವರ್‌ಟೈಮ್ ಬಿಲ್ ಕಟ್ಟೋರು ಯಾರು?

ಉತ್ತರ 1966ರಲ್ಲಿದೆ. ಆ ವರ್ಷ ಅಮೆರಿಕದ ಸಂಸತ್ತು ಹೆದ್ದಾರಿ ಸುರಕ್ಷತಾ ಕಾಯ್ದೆ ತಂದಿತು. ಅದರ ಅಡಿಯಲ್ಲಿ ಇವತ್ತಿಗೂ ನಡೀತಿರೋ ಮುಖ್ಯ ಗ್ರಾಂಟ್‌ಗೆ 'ಸೆಕ್ಷನ್ 402' ಅಂತಾರೆ. ದುಡ್ಡು ಕೇಂದ್ರದ ರಸ್ತೆ ಸುರಕ್ಷತಾ ಸಂಸ್ಥೆಯಿಂದ ರಾಜ್ಯಗಳಿಗೆ ಬರುತ್ತೆ. ಯಾವ ರಾಜ್ಯಕ್ಕೆ ಎಷ್ಟು ಅನ್ನೋದಕ್ಕೆ ಒಂದು ಸೂತ್ರ ಇದೆ: 75 ಪರ್ಸೆಂಟ್ ಜನಸಂಖ್ಯೆ ನೋಡಿ, 25 ಪರ್ಸೆಂಟ್ ರಸ್ತೆಗಳ ಉದ್ದ ನೋಡಿ. ರಾಜ್ಯಕ್ಕೆ ಬಂದದ್ದರಲ್ಲಿ ಕನಿಷ್ಠ 40 ಪರ್ಸೆಂಟ್ ಸ್ಥಳೀಯ ಆಡಳಿತಗಳ ಮೂಲಕ ಅಥವಾ ಅವುಗಳ ಅನುಕೂಲಕ್ಕೆ ಖರ್ಚಾಗಬೇಕು. ಅಂದ್ರೆ ಸಣ್ಣ ಊರಿನ ಪೊಲೀಸ್ ಠಾಣೆಗೂ ಪಾಲು ತಲುಪುತ್ತೆ.

ಇಲ್ಲಿ ಎರಡು ಷರತ್ತು ಗಮನಿಸಿ. ಒಂದು, ಇದು ಮುಂಗಡ ಅಲ್ಲ, ಮರುಪಾವತಿ. ನಮ್ಮ ಆಫೀಸಿನ ಟಿಎ ಬಿಲ್ ಇದ್ದ ಹಾಗೆ, ಮೊದಲು ಖರ್ಚು ಮಾಡಿ, ಲೆಕ್ಕ ಕೊಟ್ಟು, ಆಮೇಲೆ ವಾಪಸ್ ಪಡೀಬೇಕು. ಎರಡು, ಠಾಣೆ ಈಗಾಗಲೇ ಮಾಡ್ತಿರೋ ಖರ್ಚನ್ನ ಈ ದುಡ್ಡಿನ ಮೇಲೆ ಹಾಕೋ ಹಾಗಿಲ್ಲ. ಇದು ಹೆಚ್ಚುವರಿ ಕೆಲಸಕ್ಕೆ ಮಾತ್ರ. ಅದಕ್ಕೇ ಇದು ಹೆಚ್ಚಾಗಿ ಓವರ್‌ಟೈಮ್ ಗಸ್ತಿನ ರೂಪದಲ್ಲಿ ಕಾಣಿಸೋದು.

ಇದರಿಂದ ಪ್ರಯೋಜನ ಇದೆಯಾ? ಖಂಡಿತ ಇದೆ. ಅಮೆರಿಕದಲ್ಲಿ ಈಗ ಮುಂದಿನ ಸೀಟಿನಲ್ಲಿ ಕೂರೋರಲ್ಲಿ 90 ಪರ್ಸೆಂಟ್‌ಗಿಂತ ಹೆಚ್ಚು ಜನ ಬೆಲ್ಟ್ ಹಾಕ್ತಾರೆ. 1980ರ ದಶಕದ ಆರಂಭದಲ್ಲಿ ಐವರಲ್ಲಿ ಒಬ್ಬರೂ ಹಾಕ್ತಿರಲಿಲ್ಲ. ಬೆಲ್ಟ್ ಕಡ್ಡಾಯ ಮಾಡಿದ ಕಾನೂನು ಇದಕ್ಕೆ ಮುಖ್ಯ ಕಾರಣ. ಜೊತೆಗೆ, ಮೊದಲು ಟಿವಿ, ರೇಡಿಯೋದಲ್ಲಿ ಜಾಹೀರಾತು, ಆಮೇಲೆ ರಸ್ತೆಯಲ್ಲಿ ಪೊಲೀಸ್ ಅನ್ನೋ ಕ್ರಮವೂ ಕೆಲಸ ಮಾಡಿತು. ಸಿಕ್ಕಿಬೀಳ್ತೀನಿ ಅನ್ನೋ ಅಳುಕು ಇದ್ದವನು ಮನೆಯಿಂದ ಹೊರಡುವಾಗಲೇ ಬೆಲ್ಟ್ ಹಾಕ್ತಾನೆ. ಅಂಥವನಿಗೆ ಚಲನ್ ಕೊಡೋ ಪ್ರಶ್ನೆಯೇ ಬರಲ್ಲ.

ತೊಂದರೆ ಶುರುವಾಗೋದೂ ಇಲ್ಲೇ. ಹಾಕದೇ ಉಳಿದ ಚಲನ್‌ಗೆ ರಸೀದಿ ಇಲ್ಲ. ಗ್ರಾಂಟ್ ತಗೊಂಡವನು ಕೆಲಸ ಮಾಡಿದ್ದೀನಿ ಅಂತ ತೋರಿಸಬೇಕಲ್ವಾ? ಕೈಗೆ ಸುಲಭವಾಗಿ ಸಿಗೋ ಅಂಕಿ ಅಂದ್ರೆ ಗಂಟೆಗೆ ಎಷ್ಟು ಗಾಡಿ ನಿಲ್ಲಿಸಿದೆ ಅನ್ನೋದು. 2021ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಇದನ್ನ ತನಿಖೆ ಮಾಡಿತು. ಕೇಂದ್ರದ ಸುರಕ್ಷತಾ ಗ್ರಾಂಟ್ ವರ್ಷಕ್ಕೆ 60 ಕೋಟಿ ಡಾಲರ್‌ಗೂ ಹೆಚ್ಚು. ಕನಿಷ್ಠ 20 ರಾಜ್ಯಗಳು ಪೊಲೀಸರ ಕೆಲಸವನ್ನ ಗಂಟೆಗೆ ಎಷ್ಟು ಗಾಡಿ ತಡೆದರು ಅನ್ನೋದರ ಮೇಲೂ ಅಳೀತಿದ್ದವು ಅಂತ ವರದಿ ಹೇಳಿತು. ಅದೇ ತನಿಖೆಯ ಪ್ರಕಾರ, ಅದಕ್ಕೂ ಹಿಂದಿನ ಐದು ವರ್ಷಗಳಲ್ಲಿ ಪೊಲೀಸರು ಗಾಡಿ ತಡೆದಾಗ 400ಕ್ಕೂ ಹೆಚ್ಚು ಚಾಲಕರು, ಪ್ರಯಾಣಿಕರು ಪೊಲೀಸರ ಕೈಯಲ್ಲೇ ಸತ್ತಿದ್ದರು. ಅವರ ಕೈಯಲ್ಲಿ ಗನ್ನೂ ಇರಲಿಲ್ಲ, ಚಾಕುವೂ ಇರಲಿಲ್ಲ. ಹಿಂಸಾತ್ಮಕ ಅಪರಾಧಕ್ಕಾಗಿ ಬೆನ್ನಟ್ಟಿದವರೂ ಅಲ್ಲ. ಎಲ್ಲಾ ಸಾವಿಗೂ ಗ್ರಾಂಟೇ ಕಾರಣ ಅಂತ ನಾನು ಹೇಳ್ತಿಲ್ಲ. ಆದ್ರೆ ಅನಗತ್ಯವಾಗಿ ತಡೆದ ಪ್ರತಿ ಗಾಡಿಯೂ ಒಂದು ಅಪಾಯ. ಅದನ್ನ ಸುರಕ್ಷತೆ ಖಾತೆಗೆ ಜಮಾ ಮಾಡಿದ್ರೆ ಲೆಕ್ಕ ತಪ್ಪುತ್ತೆ.

ಹಾಗಾದ್ರೆ ಕ್ಯಾಮೆರಾ ಹಾಕಬಹುದಲ್ಲ ಅಂತೀರಾ? ತಮಾಷೆ ಅಂದ್ರೆ, 402ರ ದುಡ್ಡಲ್ಲಿ ಸ್ಪೀಡ್ ಕ್ಯಾಮೆರಾ ಹಾಕೋಕೆ ನಿಷೇಧ ಇತ್ತು. 2021ರ ಮೂಲಸೌಕರ್ಯ ಕಾಯ್ದೆ ಶಾಲೆಗಳ ಬಳಿ ಮತ್ತು ಕಾಮಗಾರಿ ನಡೆಯೋ ಜಾಗಗಳಲ್ಲಿ ಮಾತ್ರ ವಿನಾಯಿತಿ ಕೊಟ್ಟಿತು.

ಇದು ನಮಗ್ಯಾಕೆ? 2023ರ ಫೆಬ್ರವರಿ ನೆನಪಿಸಿಕೊಳ್ಳಿ. ಕರ್ನಾಟಕದಲ್ಲಿ ಬಾಕಿ ಟ್ರಾಫಿಕ್ ದಂಡಕ್ಕೆ 50 ಪರ್ಸೆಂಟ್ ರಿಯಾಯಿತಿ ಬಂತು. ಬೆಂಗಳೂರಲ್ಲಿ ಒಂಬತ್ತೇ ದಿನಕ್ಕೆ ಸುಮಾರು 120 ಕೋಟಿ ರೂಪಾಯಿ ಕಲೆಕ್ಷನ್. ದಿನಾ ಸಂಜೆ ಕ್ರಿಕೆಟ್ ಸ್ಕೋರ್ ಥರ ನ್ಯೂಸ್ ಬರ್ತಿತ್ತು, ನಾನೂ ನೋಡಿ ಖುಷಿ ಪಟ್ಟಿದ್ದೆ. ಆದ್ರೆ ಆ ದುಡ್ಡು ಹೋಗೋದು ಸರ್ಕಾರದ ಖಜಾನೆಗೆ. ನೀವು ಸಿಗ್ನಲ್ ಜಂಪ್ ಮಾಡಿದ ಸರ್ಕಲ್‌ಗೆ ಅದರಿಂದ ಜೀಬ್ರಾ ಕ್ರಾಸಿಂಗ್ ಬರುತ್ತೆ ಅನ್ನೋ ಗ್ಯಾರಂಟಿ ಏನಿಲ್ಲ.

ಇನ್ನೊಂದು ಲೆಕ್ಕ ನೋಡಿ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ಹೆಲ್ಮೆಟ್ ಹಾಕದೆ ಇದ್ದವರೇ 50,029. ಅವರನ್ನ ಉಳಿಸೋಕೆ ಪೊಲೀಸರೂ ಬೇಕು, ದುಡ್ಡೂ ಬೇಕು, ಅದರಲ್ಲಿ ಎರಡು ಮಾತಿಲ್ಲ.

ಹಾಗಾಗಿ ಮುಂದಿನ ಸಲ ನಿಮ್ಮೂರಲ್ಲಿ 'ಇಷ್ಟು ಸಾವಿರ ಕೇಸ್, ಇಷ್ಟು ಲಕ್ಷ ದಂಡ' ಅನ್ನೋ ಸುದ್ದಿ ಓದಿದಾಗ ಮೂರು ಪ್ರಶ್ನೆ ಕೇಳಿ. ಆ ಕೇಸ್ ಹಾಕಿದ್ದು ಅಪಘಾತ ಆಗೋ ಜಾಗದಲ್ಲಾ, ಅಥವಾ ಗಾಡಿ ಹಿಡಿಯೋಕೆ ಸುಲಭ ಇರೋ ಜಾಗದಲ್ಲಾ? ಕಳೆದ ವರ್ಷಕ್ಕಿಂತ ಹೆಲ್ಮೆಟ್ ಹಾಕೋರು ಹೆಚ್ಚಾದ್ರಾ? ಆ ರಸ್ತೆಯಲ್ಲಿ ಸಾಯೋರು ಕಡಿಮೆ ಆದ್ರಾ? ಮೂರಕ್ಕೂ ಉತ್ತರ ಇಲ್ಲ ಅಂದ್ರೆ, ನಾವು ಓದಿದ್ದು ಬರೀ ವಸೂಲಿ ಲೆಕ್ಕ.

ಗಾಡಿ ತೆಗೆಯೋ ಮುಂಚೆ ಹೆಲ್ಮೆಟ್ ಬಕಲ್ ಹಾಕ್ಕೊಳ್ಳಿ. ಮುಂದಿನ ವಾರ ಸಿಗೋಣ.