ನಾಲ್ಕು ಪೆನ್ ಸೆಲ್ಲಿನ ರೇಡಿಯೊ ಕೇಂದ್ರ, ಮೇಜಿನ ಮೇಲೆ ಮಾತ್ರ

ಅಕ್ಕಲಕೋಟೆ ಕಡೆಯ ಹಿರಿಯರು ಕಲಬುರಗಿ ಆಕಾಶವಾಣಿ ಕೇಳಿ ಬೆಳೆದವರು. ಕಾಸರಗೋಡಿನವರಿಗೆ ಮಂಗಳೂರು ಕೇಂದ್ರ ಮನೆಯದೇ ಆಗಿತ್ತು. ಹೀಗೆ ರೇಡಿಯೊ ಕೇಳುವುದು ನಮಗೆಲ್ಲ ಗೊತ್ತು. ಆದರೆ ಹಾಡೊಂದು ತಂತಿಯಿಲ್ಲದೆ ಅಷ್ಟು ದೂರ ಬರುವುದು ಹೇಗೆ ಎಂದು ಹೈಸ್ಕೂಲಿನ ಮಗ ಅಥವಾ ಮಗಳು ಕೇಳಿದರೆ? ಬಾಯಲ್ಲಿ ಹೇಳುವ ಬದಲು ಒಂದು ಪುಟ್ಟ ಟ್ರಾನ್ಸ್‌ಮಿಟರ್ ಮಾಡಿ ತೋರಿಸಬಹುದು.

ಬೇಕಾದ ಸಾಮಾನು ಸ್ವಲ್ಪವೇ. ಒಂದು ಮೆಗಾಹರ್ಟ್ಸ್‌ನ ಕ್ರಿಸ್ಟಲ್ ಆಸಿಲೇಟರ್ (ಬರೀ ಕ್ರಿಸ್ಟಲ್ ಅಲ್ಲ, ನಾಲ್ಕು ಕಾಲಿನ ತಗಡಿನ ಡಬ್ಬಿಯಂತಹದು, 5 ವೋಲ್ಟ್‌ನದು), 1000 ಓಮ್‌ಗೆ 8 ಓಮ್‌ನ ಸಣ್ಣ ಆಡಿಯೊ ಟ್ರಾನ್ಸ್‌ಫಾರ್ಮರ್, ನಾಲ್ಕು ಪೆನ್ ಸೆಲ್, ಇಯರ್‌ಫೋನ್ ಪಿನ್ ಇರುವ ಒಂದು ವೈರು ಮತ್ತು ಒಂದು ಅಡಿ ತಂತಿ. ಜೊತೆಗೆ ಮೀಡಿಯಂ ವೇವ್ ಇರುವ ಹಳೇ ರೇಡಿಯೊ. ಮೊಬೈಲಿನಲ್ಲಿರುವ ಎಫ್‌ಎಂ ಇದಕ್ಕೆ ಬಾರದು. ಹೊಸೂರು ಕಡೆಯವರಿಗೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಇವೆಲ್ಲ ಸಿಗುತ್ತವೆ. ಉಳಿದವರು ಅಂಚೆಯಲ್ಲಿ ತರಿಸಿಕೊಳ್ಳಬಹುದು.

ಆಸಿಲೇಟರ್ ಡಬ್ಬಿಯ ಮೂರು ಮೂಲೆ ದುಂಡಗೆ, ಒಂದು ಮೂಲೆ ಚೂಪಾಗಿರುತ್ತದೆ. ಚೂಪು ಮೂಲೆಯ ಕಾಲು ಒಂದನೆಯದು, ಅದಕ್ಕೆ ಏನನ್ನೂ ಜೋಡಿಸಬೇಡಿ. ಡಬ್ಬಿಯನ್ನು ಮೇಲಿನಿಂದ ನೋಡುವಂತೆ, ಚೂಪು ಮೂಲೆ ಕೆಳಗೆ ಎಡಕ್ಕೆ ಬರುವಂತೆ ಇಟ್ಟುಕೊಳ್ಳಿ. ಆಗ ಕೆಳಗೆ ಬಲದ್ದು ಬ್ಯಾಟರಿಯ ಮೈನಸ್, ಮೇಲೆ ಬಲದ್ದು ಅಲೆ ಹೊರಬರುವ ಕಾಲು, ಮೇಲೆ ಎಡದ್ದು ಪ್ಲಸ್. ತಿರುಗುಮುರುಗಾದರೆ ಡಬ್ಬಿ ಸುಟ್ಟುಹೋಗುತ್ತದೆ, ಎರಡು ಸಲ ನೋಡಿಕೊಳ್ಳಿ.

ಈಗ ಮುಖ್ಯವಾದ ಮಾತು. ಬ್ಯಾಟರಿಯ ಪ್ಲಸ್ ತಂತಿಯನ್ನು ನೇರವಾಗಿ ಆಸಿಲೇಟರಿಗೆ ಕೊಡಬೇಡಿ. ಟ್ರಾನ್ಸ್‌ಫಾರ್ಮರಿನ 1000 ಓಮ್ ಸುರುಳಿಯ ಮೂಲಕ ಹಾಯಿಸಿ ಕೊಡಿ. ಆ ಬದಿಯಲ್ಲಿ ಮೂರು ತಂತಿ ಇದ್ದರೆ ನಡುವಿನದನ್ನು ಬಿಟ್ಟುಬಿಡಿ. ಸುರುಳಿಯಲ್ಲಿ ಸ್ವಲ್ಪ ವೋಲ್ಟ್ ಕಳೆದುಹೋಗುತ್ತದೆ, ಆರು ವೋಲ್ಟ್ ಹಾಕುವುದು ಅದಕ್ಕೇ. 8 ಓಮ್ ಬದಿಗೆ ಇಯರ್‌ಫೋನ್ ಪಿನ್ ಜೋಡಿಸಿ, ಹಾಡು ನುಡಿಸುವ ಫೋನಿಗೆ ಚುಚ್ಚಿ. ಅಲೆ ಹೊರಬರುವ ಕಾಲಿಗೆ ಆ ಒಂದು ಅಡಿ ತಂತಿ. ಬ್ರೆಡ್ ಬೋರ್ಡ್ ಇದ್ದರೆ ಬೆಸುಗೆಯೂ ಬೇಡ.

ಹಾಡು ಹಚ್ಚುವ ಮೊದಲು ರೇಡಿಯೊ ಹಚ್ಚಿ, ತಂತಿಯನ್ನು ಅದರ ಮೈಗೆ ಒರಗಿಸಿ, ಮುಳ್ಳನ್ನು 1000 ಕಿಲೋಹರ್ಟ್ಸ್ ಹತ್ತಿರ ನಿಧಾನವಾಗಿ ಸರಿಸಿ. ಒಂದು ಕಡೆ ಗೊರಗೊರ ಸದ್ದು ತಟ್ಟನೆ ನಿಂತು ನಿಶ್ಶಬ್ದವಾಗುತ್ತದೆ. ಆ ನಿಶ್ಶಬ್ದವೇ ನಿಮ್ಮ ಕೇಂದ್ರ! ಸೆಕೆಂಡಿಗೆ ಹತ್ತು ಲಕ್ಷ ಸಲ ಏರಿಳಿಯುವ ಅಲೆ ಬರುತ್ತಿದೆ, ಅದರ ಮೇಲೆ ಇನ್ನೂ ಏನನ್ನೂ ಹೇರಿಲ್ಲ ಅಷ್ಟೇ. ಈಗ ಹಾಡು ಹಚ್ಚಿ. ಫೋನಿನಿಂದ ಬರುವ ಸಣ್ಣ ವೋಲ್ಟನ್ನು ಟ್ರಾನ್ಸ್‌ಫಾರ್ಮರ್ ಸುಮಾರು ಹನ್ನೊಂದು ಪಟ್ಟು ಹಿಗ್ಗಿಸಿ ಬ್ಯಾಟರಿಯ ವೋಲ್ಟಿಗೆ ಕೂಡಿಸುತ್ತದೆ, ಕಳೆಯುತ್ತದೆ. ಆಸಿಲೇಟರಿಗೆ ಸಿಗುವ ವೋಲ್ಟ್ ಹಾಡಿನಂತೆ ಕುಣಿದರೆ ಅಲೆಯ ಎತ್ತರವೂ ಹಾಗೇ ಕುಣಿಯುತ್ತದೆ. ರೇಡಿಯೊ ಆ ಕುಣಿತವನ್ನಷ್ಟೇ ಬಿಡಿಸಿಕೊಂಡು ಸ್ಪೀಕರಿಗೆ ಕೊಡುತ್ತದೆ. ಎ.ಎಂ. ಎನ್ನುವುದು ಇದೇ. ಫೋನಿನ ಸದ್ದು ಸಣ್ಣದಾಗಿಟ್ಟು ಶುರು ಮಾಡಿ. ಜಾಸ್ತಿಯಾದರೆ ಹಾಡು ಒಡೆಯುತ್ತದೆ, ಡಬ್ಬಿಗೂ ಒಳ್ಳೆಯದಲ್ಲ. ನಿಶ್ಶಬ್ದ ಸಿಕ್ಕಿ ಹಾಡು ಬಾರದಿದ್ದರೆ ಟ್ರಾನ್ಸ್‌ಫಾರ್ಮರಿನ ಬದಿಗಳು ಅದಲುಬದಲಾಗಿವೆಯೇ ನೋಡಿ.

ರೇಡಿಯೊವನ್ನು ಎರಡು ಹೆಜ್ಜೆ ದೂರ ಒಯ್ದರೆ ಹಾಡು ಕ್ಷೀಣಿಸುತ್ತದೆ. ಕಾರಣ ಸರಳ. ಒಂದು ಮೆಗಾಹರ್ಟ್ಸ್ ಅಲೆಯ ಉದ್ದ 300 ಮೀಟರ್. ಚೆನ್ನಾಗಿ ಹೊರಚೆಲ್ಲಬೇಕಾದರೆ ಅದರ ಕಾಲು ಭಾಗ, ಅಂದರೆ 75 ಮೀಟರಿನಷ್ಟು ಕಂಬ ಬೇಕು. ಆಕಾಶವಾಣಿಯ ಮೀಡಿಯಂ ವೇವ್ ಕಂಬಗಳು ಅಷ್ಟೆತ್ತರ ನಿಂತಿರುವುದು ಸುಮ್ಮನೆ ಅಲ್ಲ.

ಇಲ್ಲೇ ಹುಡುಗರಿಗೆ ಆಸೆ ಹುಟ್ಟುವುದು. ತಂತಿ ಉದ್ದ ಮಾಡಿದರೆ? ಎಫ್‌ಎಂ ಕಿಟ್ ತಂದು ಮಾಳಿಗೆಗೆ ಕಟ್ಟಿದರೆ? ಬಿಹಾರದ ವೈಶಾಲಿ ಜಿಲ್ಲೆಯ ಮನ್ಸೂರಪುರದಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ರಾಘವ್ ಮಹತೋ ಹಾಗೇ ಮಾಡಿದವರು. ಸುಮಾರು ಐವತ್ತು ರೂಪಾಯಿಯ ಸಾಮಾನಿನಿಂದ ಟ್ರಾನ್ಸ್‌ಮಿಟರ್ ಕಟ್ಟಿ, ಬಿದಿರಿನ ಗಳಕ್ಕೆ ಏರಿಸಿ, 'ರಾಘವ್ ಎಫ್‌ಎಂ' ನಡೆಸಿದರು. ಊರವರು ಮೆಚ್ಚಿದ್ದರು. ಸುದ್ದಿ ದೇಶವಿದೇಶಕ್ಕೆ ಹರಡಿತು, 2006ರಲ್ಲಿ ಪರವಾನಗಿ ಇಲ್ಲವೆಂದು ಕೇಂದ್ರ ಮುಚ್ಚಿಸಲಾಯಿತು. ಆಗಿದ್ದದ್ದು 1885ರ ಟೆಲಿಗ್ರಾಫ್ ಕಾಯ್ದೆ. ಈಗ 2023ರ ದೂರಸಂಪರ್ಕ ಕಾಯ್ದೆ ಬಂದಿದೆ, ಅನುಮತಿಯಿಲ್ಲದೆ ಪ್ರಸಾರ ಮಾಡುವಂತಿಲ್ಲ ಎಂಬುದು ಮಾತ್ರ ಬದಲಾಗಿಲ್ಲ.

ಆ ಮನುಷ್ಯನ ಬಗ್ಗೆ ನನಗೆ ಗೌರವವೇ ಇದೆ. ಆದರೆ ಕಾನೂನಿನ ಹಿಂದೆ ಅಪಾಯದ ಕಾರಣವೂ ಇದೆ. ಎಫ್‌ಎಂ 108 ಮೆಗಾಹರ್ಟ್ಸ್‌ಗೆ ಮುಗಿಯುತ್ತದೆ, ವಿಮಾನಗಳು ಬಳಸುವ ಅಲೆಗಳು ಅಲ್ಲಿಂದಲೇ ಶುರು. ಒಂದೇ ಟ್ರಾನ್ಸಿಸ್ಟರಿನ ಕಿಟ್‌ನಲ್ಲಿ ಕ್ರಿಸ್ಟಲ್ ಇರುವುದಿಲ್ಲ. ಕೈ ತಾಗಿದರೂ ಬಿಸಿಲು ಏರಿದರೂ ಅದರ ಅಲೆ ಜಾರುತ್ತದೆ. ನಮ್ಮ ಮೇಜಿನ ಡಬ್ಬಿ ಜಾರುವುದಿಲ್ಲವಾದರೂ 3, 5, 7 ಮೆಗಾಹರ್ಟ್ಸ್‌ನಲ್ಲೂ ಮರಿ ಅಲೆಗಳನ್ನು ಬಿಡುತ್ತದೆ. ಆದ್ದರಿಂದ ಒಂದು ಅಡಿಗಿಂತ ಉದ್ದದ ತಂತಿ ಬೇಡ. ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರ ಎದುರು ಮಾಡಿ, ನೋಡಿ, ಸೆಲ್ ಬಿಚ್ಚಿಡಿ.

ಊರಿಗೊಂದು ದನಿ ಬೇಕೆನ್ನುವವರಿಗೂ ದಾರಿ ಇದೆ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ'ಯವರು ಪರವಾನಗಿ ಸಿಗದ ದಿನಗಳಲ್ಲಿ ಕೇಬಲ್ ಎಳೆದು ಮನೆಮನೆಗೆ ಕಾರ್ಯಕ್ರಮ ಮುಟ್ಟಿಸಿದ್ದರು. 2006ರ ಕೊನೆಗೆ ಸಂಘಸಂಸ್ಥೆಗಳಿಗೂ ಸಮುದಾಯ ರೇಡಿಯೊ ಪರವಾನಗಿ ಕೇಳುವ ಅವಕಾಶ ಬಂತು. ಒಬ್ಬಂಟಿ ಉತ್ಸಾಹಿಗಳಿಗೆ ಹ್ಯಾಮ್ ರೇಡಿಯೊ ಇದೆ. ಹನ್ನೆರಡು ತುಂಬಿದವರು ಕೇಂದ್ರ ದೂರಸಂಪರ್ಕ ಇಲಾಖೆಯ ಪರೀಕ್ಷೆ ಬರೆಯಬಹುದು. ಕೆಳದರ್ಜೆಯ ಪರವಾನಗಿಗೆ ಮೋರ್ಸ್ ಕಲಿಯಬೇಕಾಗಿಲ್ಲ. ಮೇಜಿನ ಮೇಲೆ ಆ ನಿಶ್ಶಬ್ದ ಹುಡುಕಿದ ಹುಡುಗಿಗೆ ಅದರ ಪಾಠ ಅರ್ಧ ಗೊತ್ತೇ ಇರುತ್ತದೆ.