ಮನೆಯ ವೈಫೈ ಸಂಪರ್ಕ ಪದೇ ಪದೇ ಕಡಿತಗೊಳ್ಳುತ್ತಿದ್ದಲ್ಲಿ: ಅರ್ಜಿದಾರರ ಗಮನಕ್ಕೆ

ಲಿಂಗಸುಗೂರು ತಾಲ್ಲೂಕಿನ ಮುದಗಲ್ ಪಟ್ಟಣದ ಸಾರ್ವಜನಿಕರು ಸೇವಾಸಿಂಧು ಜಾಲತಾಣದ ಮೂಲಕ ಹಲವು ಸೇವೆಗಳಿಗೆ ಮನೆಯಿಂದಲೇ ಅರ್ಜಿ ಸಲ್ಲಿಸಬಹುದಾಗಿದೆ. ಅರ್ಜಿ ಅರ್ಧದಲ್ಲಿರುವಾಗ ವೈಫೈ ಕಡಿತಗೊಂಡಲ್ಲಿ ಭರ್ತಿ ಮಾಡಿದ ವಿವರಗಳು ಅಳಿದುಹೋಗುವ, ಶುಲ್ಕ ಕಡಿತವಾಗಿಯೂ ಸ್ವೀಕೃತಿ ದೊರೆಯದಿರುವ ಸಂಭವವಿರುತ್ತದೆ. ವಿಡಿಯೋ ಸರಾಗವಾಗಿ ನಡೆಯುತ್ತಿದೆಯೆಂಬ ಮಾತ್ರಕ್ಕೆ ಸಂಪರ್ಕ ಸರಿಯಿದೆಯೆಂದು ಭಾವಿಸತಕ್ಕದ್ದಲ್ಲ. ಮುಂದಿನ ಭಾಗವನ್ನು ಮೊದಲೇ ಸಂಗ್ರಹಿಸಿಕೊಳ್ಳುವುದರಿಂದ ವಿಡಿಯೋದಲ್ಲಿ ಕೆಲವು ಕ್ಷಣಗಳ ಕಡಿತ ಗೋಚರಿಸುವುದಿಲ್ಲ.

ದೋಷವು ಮನೆಯೊಳಗಿದೆಯೋ ಹೊರಗಿನ ತಂತಿಯಲ್ಲಿದೆಯೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳುವುದು. ಫೈಬರ್ ಸಂಪರ್ಕದ ಪೆಟ್ಟಿಗೆಯಲ್ಲಿ ‘ಎಲ್‌ಓಎಸ್’ ಎಂಬ ಕೆಂಪು ದೀಪ ಉರಿಯುತ್ತಿದ್ದಲ್ಲಿ ಸಂಕೇತವೇ ಮನೆಗೆ ತಲುಪುತ್ತಿಲ್ಲವೆಂದು ತಿಳಿಯುವುದು. ಆಗ ರೌಟರನ್ನು ಎಷ್ಟು ಬಾರಿ ಆರಿಸಿ ಹಚ್ಚಿದರೂ ಪ್ರಯೋಜನವಿಲ್ಲ. ಸೇವಾದಾರ ಸಂಸ್ಥೆಯಲ್ಲಿ ದೂರು ದಾಖಲಿಸಿ ದೂರು ಸಂಖ್ಯೆಯನ್ನು ಪಡೆಯತಕ್ಕದ್ದು. ದೀಪಗಳು ಸರಿಯಿದ್ದು, ಕೇಬಲ್ ಜೋಡಿಸಿದ ಕಂಪ್ಯೂಟರಿನಲ್ಲಿ ಕಡಿತ ಕಂಡುಬಾರದಿದ್ದಲ್ಲಿ ದೋಷವು ವೈಫೈನದ್ದಾಗಿರುತ್ತದೆ.

ದಪ್ಪ ಕಲ್ಲುಗೋಡೆಯ ಹಳೆಯ ಮನೆಗಳಲ್ಲಿ ಇದು ಸಾಮಾನ್ಯ. 5 ಗಿಗಾಹರ್ಟ್ಸ್ ತರಂಗವು ವೇಗದ್ದಾದರೂ ಗೋಡೆ ದಾಟುವಲ್ಲಿ ದುರ್ಬಲ. 2.4 ಗಿಗಾಹರ್ಟ್ಸ್ ತರಂಗವು ದೂರ ತಲುಪುತ್ತದೆ, ಆದರೆ ನೆರೆಮನೆಗಳ ವೈಫೈ ಹಾಗೂ ಮೈಕ್ರೋವೇವ್ ಒಲೆಯಿಂದ ಅದಕ್ಕೆ ಅಡಚಣೆಯಾಗುತ್ತದೆ. ರೌಟರನ್ನು ಕಬ್ಬಿಣದ ಬೀರುವಿನ ಹಿಂದೆ ಅಥವಾ ಗೋಡೆಯ ಗೂಡಿನಲ್ಲಿ ಇಡದೆ, ಅರ್ಜಿ ತುಂಬುವ ಕೋಣೆಯಲ್ಲಿಯೇ ಎತ್ತರದ ಸ್ಥಳದಲ್ಲಿ ಇರಿಸುವುದು. ಹೊಸ ರೌಟರ್ ಖರೀದಿಸುವ ಮುನ್ನ ಇದನ್ನು ಪ್ರಯತ್ನಿಸುವುದು ಲೇಸು.

ಶುಲ್ಕ ಪಾವತಿಯ ವೇಳೆಯಲ್ಲಿಯೇ ಸಂಪರ್ಕ ಕಡಿತಗೊಂಡಲ್ಲಿ ಕೂಡಲೇ ಎರಡನೆಯ ಬಾರಿ ಪಾವತಿಸದೆ, ಮೊಬೈಲ್ ಡೇಟಾ ಮೂಲಕ ಲಾಗಿನ್ ಆಗಿ ಅರ್ಜಿಯ ಸ್ಥಿತಿಯನ್ನು ಪರಿಶೀಲಿಸಲು ಕೋರಲಾಗಿದೆ.