ಬಜೆಟ್ ಬಂದ ಮೇಲೆ ಸಿಟ್ಟಾಗಿ ಏನು ಪ್ರಯೋಜನ? ವಯನಾಡಿನ ವಾರ್ಡ್ ಸಭೆಯ ಲೆಕ್ಕ ತಿಳಿಯೋಣ

ಪ್ರತಿ ವರ್ಷ ಮಾರ್ಚ್ ಬಂದರೆ ನಗರಸಭೆಯ ಬಜೆಟ್ ಮಂಡನೆಯಾಗುತ್ತದೆ. ಅಷ್ಟು ಕೋಟಿ, ಇಷ್ಟು ಕೋಟಿ ಎಂದು ಮರುದಿನ ಪೇಪರಿನಲ್ಲಿ ಬರುತ್ತದೆ. ನಮ್ಮ ಬೀದಿಯ ಚರಂಡಿ ಅದರಲ್ಲಿ ಇಲ್ಲ ಎಂದು ಗೊತ್ತಾದಾಗ ವಾಟ್ಸ್‌ಆಪ್ ಗ್ರೂಪಿನಲ್ಲಿ ಸಿಟ್ಟು ತೋರಿಸಿ ಸುಮ್ಮನಾಗುತ್ತೇವೆ. ಆದರೆ ಯಾವ ಕೆಲಸ ಪಟ್ಟಿಗೆ ಸೇರಬೇಕು ಎಂಬ ಮಾತುಕತೆ ಅದಕ್ಕೂ ಎಷ್ಟೋ ಮೊದಲೇ ಮುಗಿದಿರುತ್ತದೆ. ಕೇರಳದ ಪಂಚಾಯತ್‌ಗಳಲ್ಲಿ ಮತ್ತು ಸಣ್ಣ ನಗರಸಭೆಗಳಲ್ಲಿ ಆ ಮಾತುಕತೆಯಲ್ಲಿ ಕೂರುವ ಹಕ್ಕು ಪ್ರತಿಯೊಬ್ಬ ಮತದಾರನಿಗೂ ಕಾನೂನಿನಲ್ಲೇ ಇದೆ.

ಇದನ್ನು ವಯನಾಡ್ ಜಿಲ್ಲೆಯ ಉದಾಹರಣೆಯಲ್ಲಿ ನೋಡೋಣ. ವ್ಯಾಪಾರ, ಸಂಬಂಧ ಎಂದು ನಮ್ಮವರು ಹೋಗಿಬರುವ ಊರುಗಳು ಅಲ್ಲಿವೆ. ಮಂಜೇಶ್ವರ, ಮಂಗಲ್ಪಾಡಿ, ಕುಂಬಳೆ ಕಡೆಯ ಬ್ಯಾರಿಗಳಿಗೂ ಅದೇ ರಾಜ್ಯದ ಕಾನೂನು ಅನ್ವಯಿಸುತ್ತದೆ.

ಇದು ಶುರುವಾದದ್ದು ಹೇಗೆ?

ಜನರೇ ಊರಿನ ಬಜೆಟ್ಟಿನ ಆದ್ಯತೆ ಹೇಳುವ ಪದ್ಧತಿಗೆ ಜಗತ್ತಿನಲ್ಲಿ ಹೆಸರಾದ ಊರು ಬ್ರೆಜಿಲ್ ದೇಶದ ಪೋರ್ಟೊ ಅಲೆಗ್ರೆ. ಅಲ್ಲಿ 1989ರಲ್ಲಿ ಅದು ಶುರುವಾಯಿತು. ಕೇರಳದಲ್ಲಿ 1996ರ ಆಗಸ್ಟ್‌ನಲ್ಲಿ 'ಜನಕೀಯಾಸೂತ್ರಣ', ಅಂದರೆ ಜನರ ಯೋಜನೆ ಎಂಬ ಆಂದೋಲನ ಆರಂಭವಾಯಿತು. ರಾಜ್ಯದ ಯೋಜನಾ ಹಣದಲ್ಲಿ ಶೇ. 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಡುವುದು, ಖರ್ಚಿನ ಯೋಜನೆ ಜನರ ಸಭೆಯಿಂದಲೇ ಹೊರಡಬೇಕು ಎನ್ನುವುದು ಅದರ ತಿರುಳು. ಪುಣೆ ಮಹಾನಗರ ಪಾಲಿಕೆ 2006ರಿಂದ ನಾಗರಿಕರ ಸಲಹೆಗಳನ್ನು ಬಜೆಟ್ಟಿಗೆ ಪಡೆಯುತ್ತಿದೆ. ಆದರೆ ಕೇರಳದಷ್ಟು ವ್ಯಾಪಕವಾಗಿ, ಕಾನೂನಿನ ಬಲದಿಂದ ನಮ್ಮ ದೇಶದಲ್ಲಿ ಇದು ನಡೆದದ್ದು ಕಡಿಮೆ.

ವಯನಾಡಿನಲ್ಲಿ ಹೇಗೆ ನಡೆಯುತ್ತದೆ?

ವಯನಾಡಿನಲ್ಲಿ ಮೂರು ನಗರಸಭೆಗಳಿವೆ: ಕಲ್ಪೆಟ್ಟ, ಮಾನಂದವಾಡಿ, ಸುಲ್ತಾನ್ ಬತ್ತೇರಿ. ಕೊನೆಯ ಎರಡೂ 2015ರ ತನಕ ಪಂಚಾಯತ್ ಆಗಿದ್ದವು. ಪಂಚಾಯತ್‌ನಲ್ಲಿ ಪ್ರತಿ ವಾರ್ಡಿಗೂ ಗ್ರಾಮಸಭೆ ಇರುತ್ತದೆ. ಒಂದು ಲಕ್ಷದೊಳಗಿನ ಜನಸಂಖ್ಯೆಯ ನಗರಸಭೆಯಲ್ಲಿ ಅದಕ್ಕೆ ವಾರ್ಡ್ ಸಭೆ ಎನ್ನುತ್ತಾರೆ. ಆ ವಾರ್ಡಿನ ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರೂ ಅದರ ಸದಸ್ಯರು. ಯಾರ ಶಿಫಾರಸೂ ಬೇಡ. ಸಭೆ ಕರೆಯುವ ಜವಾಬ್ದಾರಿ ವಾರ್ಡಿನ ಸದಸ್ಯರದ್ದು. ಪಂಚಾಯತ್ ಕಾನೂನಿನ ಪ್ರಕಾರ ಮೂರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕು. ಸತತ ಎರಡು ಬಾರಿ ಕರೆಯದಿದ್ದರೆ ಸದಸ್ಯ ಸ್ಥಾನಕ್ಕೇ ಕುತ್ತು ಬರಬಹುದು.

ಹಣದ ಲೆಕ್ಕವನ್ನೂ ತಿಳಿದುಕೊಳ್ಳಿ. ನಾವು ಅಂಗಡಿಯವರು ಕಟ್ಟುವ ಲೈಸನ್ಸ್ ಶುಲ್ಕ, ವೃತ್ತಿ ತೆರಿಗೆ, ಜೊತೆಗೆ ಕಟ್ಟಡ ತೆರಿಗೆ, ಇವೆಲ್ಲ ನಗರಸಭೆಯ ಸ್ವಂತ ಆದಾಯ. ಸರ್ಕಾರದಿಂದ ದೈನಂದಿನ ಖರ್ಚಿಗೆ ಒಂದು ನಿಧಿ, ರಸ್ತೆ ಮತ್ತು ಕಟ್ಟಡಗಳ ನಿರ್ವಹಣೆಗೆ ಇನ್ನೊಂದು ನಿಧಿ, ಹೊಸ ಕೆಲಸಗಳಿಗೆ ಅಭಿವೃದ್ಧಿ ನಿಧಿ ಬರುತ್ತವೆ. ವಾರ್ಡ್ ಸಭೆಯ ಮಾತಿಗೆ ಹೆಚ್ಚು ತೂಕ ಇರುವುದು ಈ ಅಭಿವೃದ್ಧಿ ನಿಧಿಯಲ್ಲಿ. ಯೋಜನೆಯಲ್ಲಿ ಶೇ. 10ರಷ್ಟು ಮಹಿಳೆಯರಿಗೆ, ಶೇ. 5ರಷ್ಟು ಮಕ್ಕಳು, ವೃದ್ಧರು, ಅಂಗವಿಕಲರಂಥವರಿಗೆ ಎಂದು ತೆಗೆದಿಡುವ ನಿಯಮವಿದೆ. ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ ಬೇರೆ ನಿಧಿ ಇದೆ. ವಯನಾಡಿನಲ್ಲಿ ಇದು ದೊಡ್ಡ ವಿಷಯ, ಏಕೆಂದರೆ 2011ರ ಜನಗಣತಿಯಂತೆ ಜಿಲ್ಲೆಯ 8,17,420 ಜನರಲ್ಲಿ 1,51,443 ಮಂದಿ ಪರಿಶಿಷ್ಟ ಪಂಗಡದವರು. ಪಣಿಯ, ಕುರಿಚ್ಯ, ಅಡಿಯ, ಕಾಟ್ಟುನಾಯ್ಕ ಮುಂತಾದ ಸಮುದಾಯಗಳ ಅಗತ್ಯ ಕೇಳಲು 'ಊರುಕೂಟ್ಟಂ' ಎಂಬ ಪ್ರತ್ಯೇಕ ಸಭೆಯೇ ಇದೆ. ದೊಡ್ಡ ಸಭೆಯಲ್ಲಿ ಅವರ ಸ್ವರ ಮುಳುಗಿ ಹೋಗಬಾರದು ಅಂತ.

ಜನ ಹೇಳಿದ ಬೇಡಿಕೆಗಳನ್ನು ಕಾರ್ಯ ಗುಂಪುಗಳು ಯೋಜನೆಯ ರೂಪಕ್ಕೆ ತರುತ್ತವೆ. ಮುಂದೆ ಅಭಿವೃದ್ಧಿ ಸೆಮಿನಾರ್‌ನಲ್ಲಿ ಚರ್ಚೆ, ಆಮೇಲೆ ಕೌನ್ಸಿಲ್ ತೀರ್ಮಾನ, ಕೊನೆಗೆ ಜಿಲ್ಲಾ ಯೋಜನಾ ಸಮಿತಿಯ ಒಪ್ಪಿಗೆ. ಅಂದರೆ ವಾರ್ಡ್ ಸಭೆಯಲ್ಲಿ ಹೇಳಿದ್ದೆಲ್ಲ ಆಗಿಯೇ ಆಗುತ್ತದೆ ಎಂದಲ್ಲ. ಆದರೆ ಅಲ್ಲಿ ಯಾರೂ ಹೇಳದ ಕೆಲಸಕ್ಕೆ ಮುಂದೆ ದಾರಿ ಕಷ್ಟ.

ಯಾರು ಬರುತ್ತಾರೆ, ಯಾರು ಬರುವುದಿಲ್ಲ?

ಸಭೆಯ ಕೋರಂ ಮತದಾರರ ಶೇ. 10. ಒಂದು ವಾರ್ಡಿನಲ್ಲಿ 1,200 ಮತದಾರರು ಅಂತಿಟ್ಟುಕೊಳ್ಳಿ. 120 ಮಂದಿ ಬಂದರೆ ಸಾಕು. ಉಳಿದ 1,080 ಮಂದಿಯ ಪಾಲಿಗೂ ಅವರು ಮಾಡಿದ ಪಟ್ಟಿಯೇ ಪಟ್ಟಿ.

ಹಾಗಾದರೆ ಆ 120 ಮಂದಿ ಯಾರು? ಕೇರಳದ ಅನುಭವ ನೋಡಿದರೆ ಕುಡುಂಬಶ್ರೀ ಸಂಘದ ಮಹಿಳೆಯರು, ಉದ್ಯೋಗ ಖಾತ್ರಿಯ ಕೆಲಸಗಾರರು, ಮನೆ ಅಥವಾ ಸಹಾಯಧನಕ್ಕೆ ಅರ್ಜಿ ಹಾಕಿದವರು ಹೆಚ್ಚು. ಅವರು ಬರುವುದು ಒಳ್ಳೆಯದೇ, ಅವರ ಅಗತ್ಯವೂ ನಿಜವಾದದ್ದು. ಲೈಫ್ ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿಯೂ ಇಂತಹ ಸಭೆಯ ಮುಂದೆ ಬರುತ್ತದೆ. ಬಾರದವರು ಅಂದರೆ ವ್ಯಾಪಾರಿಗಳು, ಕೆಲಸಕ್ಕೆ ಹೋಗುವ ಗಂಡಸರು, ಕಾಲೇಜು ಮುಗಿಸಿದ ಯುವಕರು. ಆಮೇಲೆ ಬಸ್ ಸ್ಟ್ಯಾಂಡಿನ ಶೌಚಾಲಯ ಸರಿ ಇಲ್ಲ, ಮಾರ್ಕೆಟ್ ರಸ್ತೆಗೆ ಲೈಟ್ ಇಲ್ಲ, ಮಕ್ಕಳಿಗೆ ಆಟದ ಮೈದಾನ ಇಲ್ಲ ಎಂದು ಹೆಚ್ಚು ದೂರುವವರೂ ಇವರೇ.

ಜಮಾಅತ್‌ನ ಮಹಾಸಭೆಯಲ್ಲಿ ಲೆಕ್ಕ ಓದುವಾಗ ಒಂದು ಫ್ಯಾನ್ ರಿಪೇರಿಗೆ ಇಷ್ಟು ಯಾಕಾಯಿತು ಎಂದು ಎದ್ದು ನಿಂತು ಕೇಳುವವರು ನಮ್ಮಲ್ಲಿದ್ದಾರೆ. ಅದೇ ಗಮನ ನಮ್ಮ ತೆರಿಗೆಯ ಹಣಕ್ಕೂ ಬೇಡವೇ?

ಅಂಗಡಿ ಒಂದು ಕಡೆ, ವೋಟು ಇನ್ನೊಂದು ಕಡೆ

ಇಲ್ಲೊಂದು ನಿಜವಾದ ಸಮಸ್ಯೆಯೂ ಇದೆ. ಬತ್ತೇರಿಯಲ್ಲಿ ಅಂಗಡಿ ಇಟ್ಟು ಲೈಸನ್ಸ್ ಶುಲ್ಕ ಕಟ್ಟುವವನ ವೋಟು ಊರಿನಲ್ಲೇ ಇದ್ದರೆ, ಬತ್ತೇರಿಯ ವಾರ್ಡ್ ಸಭೆಗೆ ಅವನು ಸದಸ್ಯನಲ್ಲ. ವರ್ಷದ ಹನ್ನೊಂದು ತಿಂಗಳು ಅಲ್ಲೇ ವಾಸ ಇದ್ದರೆ ಮತದಾರರ ಪಟ್ಟಿಗೆ ಅಲ್ಲಿಯೇ ಹೆಸರು ಸೇರಿಸುವುದು ಸರಿಯಾದ ದಾರಿ. ಅದು ಆಗದವರು ವ್ಯಾಪಾರಿಗಳ ಸಂಘದ ಮೂಲಕ ಲಿಖಿತ ಮನವಿ ಕೊಡಲಿ. ಅದೂ ಬಜೆಟ್ ಆದ ಮೇಲೆ ಅಲ್ಲ, ಯೋಜನೆ ತಯಾರಾಗುವ ಹೊತ್ತಿಗೆ.

ಸಭೆಗೆ ಹೋದರೆ ಏನು ಕೇಳಬೇಕು?

ಮೊದಲನೆಯದು, ಕಳೆದ ವರ್ಷ ಈ ವಾರ್ಡಿಗೆ ಇಟ್ಟ ಹಣ ಎಷ್ಟು, ಖರ್ಚಾದದ್ದು ಎಷ್ಟು, ಮುಗಿಯದ ಕೆಲಸ ಯಾವುದು ಎಂದು ಕೇಳಿ. ಎರಡನೆಯದು, "ರಸ್ತೆ ಸರಿ ಮಾಡಿ" ಎಂದು ಸುಮ್ಮನೆ ಹೇಳಬೇಡಿ. ಎಲ್ಲಿಂದ ಎಲ್ಲಿಗೆ, ಎಷ್ಟು ಮೀಟರ್, ಎಷ್ಟು ಮನೆಗಳಿಗೆ ಉಪಯೋಗ ಎಂದು ಬರೆದು ಕೊಡಿ. ಮೂರನೆಯದು, ನಿಮ್ಮ ಬೇಡಿಕೆ ಸಭೆಯ ನಡಾವಳಿ ಪುಸ್ತಕದಲ್ಲಿ ದಾಖಲಾಗಿದೆಯೇ ಎಂದು ನೋಡಿಕೊಂಡೇ ಏಳಿ. ನಾಲ್ಕನೆಯದು, ಒಬ್ಬರೇ ಹೋಗಬೇಡಿ. ಒಂದೇ ಬೇಡಿಕೆಯನ್ನು ಹತ್ತು ಮಂದಿ ಹೇಳಿದರೆ ಅದನ್ನು ಪಟ್ಟಿಯಿಂದ ಬಿಡುವುದು ಸುಲಭವಲ್ಲ. ಮನೆಯ ಹೆಂಗಸರನ್ನೂ ಕರೆದುಕೊಂಡು ಹೋಗಿ. ನೀರು, ಅಂಗನವಾಡಿ, ಬೀದಿ ದೀಪದ ಕಷ್ಟ ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಕರ್ನಾಟಕದಲ್ಲಿರುವ ನಮ್ಮ ಓದುಗರಿಗೂ ಒಂದು ಮಾತು. ನಮ್ಮ ಪಂಚಾಯತ್‌ಗಳಲ್ಲಿಯೂ ವಾರ್ಡ್ ಸಭೆ, ಗ್ರಾಮಸಭೆ ಕಾನೂನಿನಲ್ಲಿವೆ. ಮಂಗಳೂರಿನಂತಹ ಮಹಾನಗರ ಪಾಲಿಕೆಯಲ್ಲಿ ವಾರ್ಡ್ ಸಮಿತಿ ಇದೆ. ಆದರೆ ಅದಕ್ಕೆ ಸದಸ್ಯರನ್ನು ನಾಮನಿರ್ದೇಶನ ಮಾಡುತ್ತಾರೆ, ವಯನಾಡಿನ ನಗರಸಭೆಗಳಂತೆ ಎಲ್ಲ ಮತದಾರರೂ ಸದಸ್ಯರಲ್ಲ. ಆದ್ದರಿಂದ ಪಾಲಿಕೆಯ ವ್ಯಾಪ್ತಿಯಲ್ಲಿರುವವರು ತಮ್ಮ ವಾರ್ಡ್ ಸಮಿತಿಯಲ್ಲಿ ಯಾರಿದ್ದಾರೆ, ಸಭೆ ಯಾವಾಗ ಎಂದು ಮೊದಲು ವಿಚಾರಿಸಬೇಕು.

ಮುಂದಿನ ಸಭೆಯ ನೋಟಿಸ್ ಬಂದಾಗ ಎರಡು ಗಂಟೆ ಅಂಗಡಿಯಲ್ಲಿ ಬೇರೆ ಯಾರನ್ನಾದರೂ ಕೂರಿಸಿ ಹೋಗಿ. ಆ ಎರಡು ಗಂಟೆಯ ವ್ಯಾಪಾರ ಸ್ವಲ್ಪ ಕಡಿಮೆಯಾಗಬಹುದು. ಆದರೆ ಅಂಗಡಿ ಮುಂದಿನ ಚರಂಡಿ ಮಳೆಗಾಲದಲ್ಲಿ ಉಕ್ಕಿ ಹರಿದರೆ ಆಗುವ ನಷ್ಟ ಅದಕ್ಕಿಂತ ಎಷ್ಟೋ ಹೆಚ್ಚು.